ಮೂರು ತಾಲ್ಲೂಕುಗಳಲ್ಲಿ ಚದುರಿದ ಮನೆತನಕ್ಕೆ ಒಂದೇ ವಂಶವೃಕ್ಷ: ಅಂತರಜಾಲದಲ್ಲಿ ಒಡಗೂಡಿ ಆರಂಭಿಸುವ ಬಗೆ

ಮನೆತನದ ಹಿರಿಯರೊಬ್ಬರು ಲಿಂಗೈಕ್ಯರಾದಾಗ ನಡೆಯುವ ಶಿವಗಣಾರಾಧನೆಗೆ ನೆಂಟರಿಷ್ಟರೆಲ್ಲ ಕೂಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯಂತಹ ಊರಿನಲ್ಲಿ ಆ ದಿನ ಪಂಕ್ತಿಯಲ್ಲಿ ಕುಳಿತವರನ್ನು ಕಂಡರೆ ಹೊಸನಗರದವರು, ಸಾಗರದವರು, ಶಿವಮೊಗ್ಗದಿಂದ ಬಂದವರು, ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದವರು ಎಲ್ಲರೂ ಇರುತ್ತಾರೆ. ಪ್ರಸಾದ ಮುಗಿದು ಎಲೆಯಡಿಕೆಯ ತಟ್ಟೆ ಬಂದಾಗ ಯುವಕನೊಬ್ಬನು ಎದುರಿಗಿದ್ದವರನ್ನು ತೋರಿಸಿ, "ಇವರು ನಮಗೇನಾಗಬೇಕು?" ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಬಲ್ಲವರು ಇಂದು ಪ್ರತಿ ಮನೆತನದಲ್ಲಿ ಒಬ್ಬರೋ ಇಬ್ಬರೋ. ಅನೇಕ ವೇಳೆ ಹಾಗೆ ಬಲ್ಲವರಾಗಿದ್ದವರ ಆರಾಧನೆಗೇ ನಾವು ಕೂಡಿರುತ್ತೇವೆ.

ಮನೆತನದ ಇತಿಹಾಸವನ್ನು ಬರೆದಿಡಬೇಕೆಂಬ ಆಸೆ ಈಚೆಗೆ ಅನೇಕ ಭಕ್ತರಲ್ಲಿ ಮೂಡಿದೆ. ಆದರೆ ಒಬ್ಬರೇ ಕುಳಿತು ಬರೆಯಲು ಹೊರಟರೆ ಎರಡನೆಯ ತಲೆಮಾರಿಗೇ ಕೈ ಸೋಲುತ್ತದೆ. ಅಜ್ಜನ ಹೆಸರು ಗೊತ್ತು, ಅಜ್ಜನ ತಂಗಿಯನ್ನು ಯಾವ ಊರಿಗೆ ಕೊಟ್ಟಿತ್ತೆಂಬುದು ಗೊತ್ತಿಲ್ಲ. ಅದು ಗೊತ್ತಿರುವವರು ಇನ್ನೊಂದು ತಾಲ್ಲೂಕಿನಲ್ಲಿದ್ದಾರೆ, ಅವರಿಗೆ ನಾವು ಯಾರೆಂದು ಗೊತ್ತಿಲ್ಲ. ಹೀಗೆ ಹಲವು ಮನೆಗಳಲ್ಲಿ ಹಂಚಿಹೋದ ನೆನಪುಗಳನ್ನು ಅಂತರಜಾಲದಲ್ಲಿ ಒಂದೇ ಮರಕ್ಕೆ ಕಟ್ಟುವ ವಿಧಾನವನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಅದಕ್ಕೆ ಮೊದಲು ಒಂದು ಸಂದೇಹವನ್ನು ಎದುರಿಸಬೇಕು. ಕುಲದ ಹಮ್ಮನ್ನು ಮುರಿದ ಶರಣರ ಹಾದಿಯಲ್ಲಿ ನಡೆಯುವವರಿಗೆ ವಂಶಾವಳಿಯ ಗೊಡವೆ ಏಕೆ? ಸಂದೇಹ ಸಾಧುವಾದುದೇ. ಬಸವಣ್ಣನವರು ತಮ್ಮ ಹುಟ್ಟಿನ ಮನೆತನವನ್ನು ಬದಿಗಿಟ್ಟು, ಚೆನ್ನಯ್ಯ ಕಕ್ಕಯ್ಯರ ಮನೆಗೆ ತಮ್ಮನ್ನು ಜೋಡಿಸಿಕೊಂಡು ಹೇಳಿಕೊಂಡವರು. ನಮ್ಮ ಪೂರ್ವಜರು ಅರಸರ ದಂಡನಾಯಕರಾಗಿದ್ದರೆಂದು ತೋರಿಸಲು ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ಹಾಕದಿರುವುದೇ ಲೇಸು. ಕೆಳದಿ ಅರಸರಿಗೆ ತಮ್ಮ ಮನೆತನವನ್ನು ಕಟ್ಟಿಕೊಳ್ಳುವ ಹಂಬಲ ಈ ಭಾಗದಲ್ಲಿ ಕಡಿಮೆಯೇನಲ್ಲ. ಆಧಾರವಿಲ್ಲದ ಅಂತಹ ಎಳೆಗಳಿಂದ ಎಷ್ಟೋ ವಂಶವೃಕ್ಷಗಳು ಕೆಟ್ಟಿವೆ. ತೋಟ ಅಗೆದವರು, ಗದ್ದೆ ನೆಟ್ಟವರು, ಮಕ್ಕಳನ್ನು ಹೆತ್ತು ಸಾಕಿದವರು ಯಾರು, ಅವರ ಸಮಾಧಿ ಎಲ್ಲಿದೆ ಎಂದು ತಿಳಿದಿರುವುದು ಹಮ್ಮಲ್ಲ, ಋಣದ ಸ್ಮರಣೆ. ಆ ಭಾವದಿಂದಲೇ ಮುಂದಿನದನ್ನು ಓದಬೇಕಾಗಿ ವಿನಂತಿ.

ಕೂಡಿ ಬರೆಯುವ ವಂಶಾವಳಿ ನಮಗೆ ಹೊಸದೂ ಅಲ್ಲ. ಉತ್ತರ ಕರ್ನಾಟಕ ಮತ್ತು ಬಯಲುಸೀಮೆಯ ಲಿಂಗಾಯತ ಮನೆತನಗಳಿಗೂ ಇತರ ಒಕ್ಕಲು ಮನೆತನಗಳಿಗೂ ಹೆಳವರು ಚಿರಪರಿಚಿತರು. ಎತ್ತನ್ನೇರಿ ಊರಿಂದೂರಿಗೆ ಬರುವ ಹೆಳವನು ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತಾನೆ, ಹೊಸದಾಗಿ ಹುಟ್ಟಿದವರ, ಮದುವೆಯಾಗಿ ಬಂದವರ ಹೆಸರುಗಳನ್ನು ಕೇಳಿ ತನ್ನ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾನೆ, ಕಾಳುಕಡಿ ಕಾಣಿಕೆ ಪಡೆದು ಮುಂದಿನ ಊರಿಗೆ ಹೋಗುತ್ತಾನೆ. ಅಣ್ಣನ ಸಂತತಿ ಒಂದೂರಿನಲ್ಲಿ, ತಮ್ಮನ ಸಂತತಿ ಇನ್ನೊಂದೂರಿನಲ್ಲಿ ಇದ್ದರೂ ಎರಡೂ ಕೂಡುವುದು ಅವನ ಪುಸ್ತಕದಲ್ಲಿ. ಬಯಲುಸೀಮೆಯಿಂದ ಮಲೆನಾಡಿಗೆ ಬಂದು ನೆಲೆಸಿದೆವೆಂದು ಹೇಳಿಕೊಳ್ಳುವ ಮನೆತನಗಳು ತಮ್ಮ ಮೂಲದ ಊರು ಗೊತ್ತಿದ್ದರೆ, ಆ ಊರಿಗೆ ಬರುವ ಹೆಳವರನ್ನು ವಿಚಾರಿಸುವುದು ಯಾವ ಜಾಲತಾಣಕ್ಕಿಂತಲೂ ಮೊದಲು ಮಾಡಬೇಕಾದ ಕೆಲಸ. ಅಂತರಜಾಲದ ಹಂಚಿಕೆಯ ವಂಶವೃಕ್ಷವೆಂದರೆ ಹೆಳವನ ಪುಸ್ತಕವೇ. ವ್ಯತ್ಯಾಸವೆಂದರೆ ಅದರಲ್ಲಿ ಎಲ್ಲ ಮನೆಯವರೂ ಬರೆಯಬಹುದು, ಆದ್ದರಿಂದ ಎಲ್ಲರೂ ತಪ್ಪು ಬರೆಯಲೂಬಹುದು.

ಮಲೆನಾಡಿನ ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ವಿಶೇಷವಾದ ತೊಡಕುಗಳಿವೆ. ಮೊದಲನೆಯದು ಊರುಗಳ ಹೆಸರು. 1763ರಲ್ಲಿ ಹೈದರ್ ಅಲಿ ಗೆದ್ದುಕೊಂಡ ಬಿದನೂರು ಹೈದರ್‌ನಗರವಾಗಿ, ಕೊನೆಗೆ ನಗರವೆಂದೇ ಉಳಿಯಿತು. ಇಂದಿನ ಹೊಸನಗರ ತಾಲ್ಲೂಕು ಹಳೆಯ ದಾಖಲೆಗಳಲ್ಲಿ ನಗರ ತಾಲ್ಲೂಕು. ಹೊಸನಗರ ಪೇಟೆಯ ಹಿಂದಿನ ಹೆಸರು ಕಲ್ಲೂರುಕಟ್ಟೆ. ಅಜ್ಜನ ಕಾಗದದಲ್ಲಿ "ನಗರಕ್ಕೆ ಹೋಗಿದ್ದೆ" ಎಂದಿದ್ದರೆ ಅದು ಶಿವಮೊಗ್ಗ ನಗರವಲ್ಲ ಎಂಬುದು ಬೆಂಗಳೂರಿನಲ್ಲಿ ಬೆಳೆದ ಮೊಮ್ಮಗನಿಗೆ ತಿಳಿಯದು. ಆದಕಾರಣ ಊರಿನ ಹೆಸರನ್ನು ಬರೆಯುವಾಗ ಅಂದಿನ ಹೆಸರು, ಇಂದಿನ ಹೆಸರು, ತಾಲ್ಲೂಕು ಮೂರನ್ನೂ ಬರೆಯಬೇಕು.

ಎರಡನೆಯ ತೊಡಕು ಇನ್ನೂ ದೊಡ್ಡದು. ಶರಾವತಿಗೆ ಮೊದಲು ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ಬಂತು. ಅದನ್ನೂ ಒಳಗೊಂಡು ಮುಳುಗಿಸಿ 1964ರಲ್ಲಿ ಲಿಂಗನಮಕ್ಕಿ ನಿಂತಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿನಡಿಗೆ ಹೋದವು. ತೋಟ, ಮನೆ, ದೇವಸ್ಥಾನಗಳ ನಷ್ಟವನ್ನು ಕುರಿತು ಬಹಳ ಬರೆದಾಗಿದೆ. ಸಮಾಧಿಗಳ ನಷ್ಟವನ್ನು ಕುರಿತು ಅಷ್ಟು ಬರೆದಿಲ್ಲ. ಹೂಳುವ ಸಂಪ್ರದಾಯದ ನಮಗೆ ಹಿತ್ತಲಿನ, ತೋಟದಂಚಿನ ಸಮಾಧಿಗಳ ಸಾಲೇ ಒಂದು ವಂಶಾವಳಿಯಾಗಿತ್ತು. ಹಬ್ಬದ ದಿನ ಹಿರಿಯರು ಮಕ್ಕಳನ್ನು ಕರೆದೊಯ್ದು ಇದು ಮುತ್ತಜ್ಜನದು, ಇದು ದೊಡ್ಡಜ್ಜಿಯದು ಎಂದು ತೋರಿಸುತ್ತಿದ್ದರು. ಆ ಸಾಲು ಮುಳುಗಿದ ಮೇಲೆ ಮನೆಯವರು ಶಿವಮೊಗ್ಗದ ಕಡೆಗೆ, ಬೇರೆ ತಾಲ್ಲೂಕುಗಳಿಗೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಅಣ್ಣತಮ್ಮಂದಿರ ಮೊಮ್ಮಕ್ಕಳು ಇಂದು ಒಬ್ಬರನ್ನೊಬ್ಬರು ಅರಿಯರು. ಒಬ್ಬರ ಮನೆಯಲ್ಲಿ ಕುಳಿತು ಹುಡುಕಿದರೆ ಈ ಬಿರುಕು ಎಂದಿಗೂ ಕೂಡದು. ಎರಡೂ ಕಡೆಯವರು ಒಂದೇ ಕಡೆ ಬರೆದಾಗ ಮಾತ್ರ ಕೂಡೀತು. ಈ ಭಾಗದವರಿಗೆ ಹಂಚಿಕೆಯ ವಂಶವೃಕ್ಷ ಅಗತ್ಯವೆಂದು ನಾವು ಹೇಳುವುದು ಮುಖ್ಯವಾಗಿ ಇದಕ್ಕಾಗಿ.

ಆರಂಭ ಮಾತ್ರ ಜಾಲತಾಣದಿಂದ ಆಗಬಾರದು. ಮನೆಯ ಹಿರಿಯರಿಂದ ಆಗಬೇಕು, ಅದರಲ್ಲಿಯೂ ಅಜ್ಜಿಯಂದಿರಿಂದ, ಸೋದರತ್ತೆಯರಿಂದ. ಗಂಡಸರಿಗೆ ಜಮೀನಿನ ಸರ್ವೆ ನಂಬರ್ ನೆನಪಿರುತ್ತದೆ, ಹೆಂಗಸರಿಗೆ ಯಾರನ್ನು ಯಾರ ಮನೆಗೆ ಕೊಟ್ಟಿತೆಂಬುದು ನೆನಪಿರುತ್ತದೆ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಂಡು ಮಾತಾಡಿಸಬೇಕು. ಕಾಗದ ಹಿಡಿದು ಪ್ರಶ್ನೆ ಕೇಳುತ್ತ ಹೋದರೆ ಅವರು ಪರೀಕ್ಷೆಗೆ ಕುಳಿತಂತೆ ಬಿಗಿದುಕೊಳ್ಳುತ್ತಾರೆ. ಹಳೆಯ ಭಾವಚಿತ್ರವೊಂದನ್ನು ಕೈಗೆ ಕೊಟ್ಟು ಸುಮ್ಮನಿದ್ದರೆ ಸಾಕು. ಇಸವಿ ಕೇಳಬಾರದು. ಹಿರೇಭಾಸ್ಕರ ಕಟ್ಟುವಾಗ ಹುಟ್ಟಿದ್ದು, ಗಾಂಧಿ ತೀರಿಕೊಂಡ ವರ್ಷ ಮದುವೆಯಾದದ್ದು, ಮುಳುಗಡೆಯಾದ ಮಾರನೆಯ ವರ್ಷ ತೀರಿಕೊಂಡದ್ದು ಎಂದು ಅವರು ಹೇಳುತ್ತಾರೆ. ಇಸವಿಯನ್ನು ನಾವು ಕಂಡುಕೊಳ್ಳಬೇಕು. ಶಾಲೆಯ ದಾಖಲಾತಿ ಪುಸ್ತಕದಲ್ಲಿರುವ ಹುಟ್ಟಿದ ದಿನಾಂಕವನ್ನು ಹಿರಿಯರ ಮಾತಿಗಿಂತ ಹೆಚ್ಚು ನಂಬಬೇಕಾಗಿಲ್ಲ. ಜೂನ್ ತಿಂಗಳ ಮೊದಲ ದಿನ ಹುಟ್ಟಿದವರು ಆ ಪುಸ್ತಕಗಳಲ್ಲಿ ಏಕೆ ಅಷ್ಟು ಮಂದಿ ಎಂಬುದು ಮೇಷ್ಟ್ರುಗಳಿಗೇ ಗೊತ್ತು.

ಸಂವತ್ಸರದ ಲೆಕ್ಕದಲ್ಲಿಯೂ ಎಚ್ಚರ ಬೇಕು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ನಮ್ಮಲ್ಲಿ ಒಬ್ಬರ ಮನೆತನದಲ್ಲಿ ನಡೆದದ್ದನ್ನು ಹೇಳುತ್ತೇವೆ. ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ ಕಾಗದವೊಂದರಲ್ಲಿ ಕ್ರೋಧಿ ಸಂವತ್ಸರದ ಮಾಘದಲ್ಲಿ, ವೀರಪ್ಪನವರೆಂದು ಇಟ್ಟುಕೊಳ್ಳೋಣ, ಅವರ ಲಗ್ನ ಜರುಗಿದ ವಿವರವಿತ್ತು. ಬೆಂಗಳೂರಿನಲ್ಲಿರುವ ದಾಯಾದಿಯೊಬ್ಬರು ಕ್ರೋಧಿ ಎಂದರೆ 1964ನೆಯ ಇಸವಿಯ ಯುಗಾದಿಯಿಂದ ಮೊದಲಾದ ವರ್ಷವೆಂದು ಲೆಕ್ಕ ಹಾಕಿ, ಮಾಘ 1965ಕ್ಕೆ ಬೀಳುವುದರಿಂದ ಆ ಇಸವಿಯನ್ನೇ ವೃಕ್ಷದಲ್ಲಿ ಬರೆದರು. ಆ ಹೆಸರಿನವರು ಆ ಕಾಲಕ್ಕೆ ಮದುವೆಯಾದದ್ದು ನಿಜವೂ ಆಗಿತ್ತು. ಎಲ್ಲವೂ ಸರಿಹೊಂದಿತೆಂದು ಉಳಿದವರು ಸುಮ್ಮನಾದರು. ವಯಸ್ಸಾದ ಸೋದರತ್ತೆಯವರಿಗೆ ಆ ಕಾಗದವನ್ನು ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ಲಪ್ಪಾ, ಆ ದಿಬ್ಬಣ ಹೋದ ಊರು ಮುಳುಗಡೆಯಾಗಿ ಹೋಯ್ತಲ್ಲ, ನೀರಿನೊಳಗೆ ಹಸೆ ಹಾಕಿದ್ರಾ?"

ಕಾಗದದ ಕ್ರೋಧಿ ಹಿಂದಿನ ಸುತ್ತಿನದು. ಲಗ್ನ ನಡೆದದ್ದು 1905ರ ಮಾಘದಲ್ಲಿ. ವೀರಪ್ಪನವರು ಇಬ್ಬರು, ಅಜ್ಜ ಮತ್ತು ಮೊಮ್ಮಗ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿಯಿಂದ ಇಂತಹ ತಪ್ಪು ಎಲ್ಲ ಮನೆತನಗಳಲ್ಲಿಯೂ ಕಾದು ಕುಳಿತಿರುತ್ತದೆ. ಅಂತರಜಾಲದಲ್ಲಿ ಅಪಾಯ ಹೆಚ್ಚು. ಒಂದೇ ಹೆಸರಿನ ಎರಡು ಪುಟಗಳನ್ನು ಕಂಡಾಗ ಇವರಿಬ್ಬರೂ ಒಬ್ಬರೇ ಇರಬಹುದೆಂದು ಜಾಲತಾಣವೇ ಸೂಚಿಸುತ್ತದೆ, ಅವಸರದವರು ಒಂದು ಒತ್ತಿನಲ್ಲಿ ಅಜ್ಜ ಮೊಮ್ಮಕ್ಕಳನ್ನು ಒಬ್ಬನನ್ನಾಗಿ ಮಾಡಿಬಿಡುತ್ತಾರೆ. ತಂದೆ, ತಾಯಿ, ಪತ್ನಿ ಇವರಲ್ಲಿ ಇಬ್ಬರ ಹೆಸರಾದರೂ ಹೊಂದುವ ತನಕ ಎರಡು ಪುಟಗಳನ್ನು ಕೂಡಿಸಕೂಡದು ಎಂಬ ನಿಯಮವನ್ನು ಆ ಮನೆತನದವರು ಅಂದಿನಿಂದ ಮಾಡಿಕೊಂಡರು. ಇತರರೂ ಅನುಸರಿಸಬಹುದು.

ಕಾಗದಪತ್ರಗಳ ವಿಷಯಕ್ಕೆ ಬರೋಣ. ಮನೆಯ ಲಗ್ನಪತ್ರಿಕೆಗಳು, ಶಿವಗಣಾರಾಧನೆಯ ಕಾರ್ಡುಗಳು, ಪಾಲುಪಟ್ಟಿ, ದತ್ತುಪತ್ರ ಇವೇ ಮೊದಲ ಆಸ್ತಿ. ಮುಂದೆ ಕಂದಾಯ ದಾಖಲೆಗಳು. ಇವುಗಳಲ್ಲಿ ವಂಶ ಹುಡುಕುವವರಿಗೆ ಅತ್ಯಂತ ಉಪಯುಕ್ತವಾದುದು ಪೌತಿ ಖಾತೆ: ಖಾತೆದಾರರು ಯಾವಾಗ ತೀರಿಕೊಂಡರು, ವಾರಸುದಾರರು ಯಾರೆಂಬುದು ಅಲ್ಲಿ ಒಂದೇ ಕಡೆ ದೊರೆಯುತ್ತದೆ. ಹಳೆಯ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಇವುಗಳ ನಕಲನ್ನು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಸರ್ಕಾರದ ಭೂ ಸುರಕ್ಷಾ ಯೋಜನೆಯಿಂದ ಇದು ಸುಲಭವಾಗುವ ನಿರೀಕ್ಷೆಯಿದೆ. ಗೇಣಿ ಭೂಮಿಯ ಮನೆತನಗಳಾದರೆ 1974ರ ಭೂಸುಧಾರಣೆಯ ನಂತರ ಭೂ ನ್ಯಾಯಮಂಡಳಿಯ ಮುಂದೆ ಸಲ್ಲಿಸಿದ ನಮೂನೆ 7ರ ಅರ್ಜಿಗಳನ್ನು ಮರೆಯಬಾರದು. ತಂದೆಯ ಕಾಲದಿಂದ ಉಳುತ್ತಿದ್ದೇವೆಂದು ಕೊಟ್ಟ ಹೇಳಿಕೆಗಳಲ್ಲಿ ಕೆಲವೊಮ್ಮೆ ಮೂರು ತಲೆಮಾರಿನ ಹೆಸರುಗಳಿರುತ್ತವೆ.

ಇನ್ನೂ ಹಿಂದಕ್ಕೆ ಹೋಗುವವರಿಗೆ ಕಡತಗಳು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆದ ಲೆಕ್ಕದ ಪುಸ್ತಕ ಅದು. ಇಂದು ಸರ್ಕಾರಿ ಫೈಲಿಗೆ ನಾವು ಕಡತ ಎನ್ನುವುದು ಅದರಿಂದಲೇ. ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಅಂತಹ ಕಡತಗಳೂ ತಾಳೆಯೋಲೆಗಳೂ ಇವೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಅದು ಈಗ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ತಮ್ಮ ಊರಿನ ಹೆಸರು ಅಲ್ಲಿ ಕಂಡರೆ ಸಂತೋಷಪಡಬಹುದು. ಅಲ್ಲಿನ ಗೌಡನೋ ದಾನಿಯೋ ನಮ್ಮ ಪೂರ್ವಜನೇ ಎಂದು ಬರೆಯಲು ಮಾತ್ರ ನಡುವಿನ ಎಲ್ಲ ತಲೆಮಾರುಗಳೂ ಕೈಯಲ್ಲಿರಬೇಕು, ಅವು ಇರುವುದಿಲ್ಲ.

ಇಷ್ಟು ಕೂಡಿದ ಮೇಲೆ ಜಾಲತಾಣ. ಮನೆತನದ ಐದಾರು ಮಂದಿ ಸೇರಿ ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡು, ಮೊದಲ ಕೆಲವು ತಿಂಗಳು ಹಂಚಿಕೆಯ ಗೂಗಲ್ ಶೀಟಿನಲ್ಲಿ ಒಬ್ಬೊಬ್ಬರಿಗೆ ಒಂದು ಸಾಲಿನಂತೆ ಬರೆಯುವುದು ಮೇಲು. ಪ್ರತಿ ವ್ಯಕ್ತಿಗೂ ಒಂದು ಸಂಖ್ಯೆ ಕೊಡಬೇಕು. ಮೂವರು ಬಸಪ್ಪಂದಿರನ್ನು ಗುರುತಿಸಲು ಬೇರೆ ದಾರಿಯಿಲ್ಲ. ಕೊನೆಯ ಅಂಕಣ "ಯಾರು ಹೇಳಿದರು, ಎಲ್ಲಿ ನೋಡಿದೆವು" ಎಂಬುದು ಇರಲೇಬೇಕು. "ಸೋದರತ್ತೆ ಹೇಳಿದ್ದು, ಧ್ವನಿಮುದ್ರಣವಿದೆ" ಎಂದರೂ ಅದು ಆಧಾರವೇ. ಆಧಾರದ ಅಂಕಣ ಖಾಲಿಯಿರುವ ಸಾಲನ್ನು ವೃಕ್ಷಕ್ಕೆ ಏರಿಸಬಾರದು.

ಉಚಿತವಾದ ಹಂಚಿಕೆಯ ವೃಕ್ಷಗಳಲ್ಲಿ ಎರಡು ಮುಖ್ಯ: ಫ್ಯಾಮಿಲಿಸರ್ಚ್ ಮತ್ತು 2008ರಲ್ಲಿ ಆರಂಭವಾದ ವಿಕಿಟ್ರೀ. ಜೀನಿ ಎಂಬುದು ಮೂರನೆಯದು, ಅದರ ಕೆಲವು ಸೌಲಭ್ಯಗಳಿಗೆ ಹಣ ಕೊಡಬೇಕು. ಈ ಮೂರರಲ್ಲಿಯೂ ಗುರಿ ಒಂದೇ: ಜಗತ್ತಿಗೆಲ್ಲ ಒಂದು ಮರ, ಒಬ್ಬ ವ್ಯಕ್ತಿಗೆ ಒಂದೇ ಪುಟ, ಆ ಪುಟಕ್ಕೆ ಬಂಧುಗಳೆಲ್ಲ ಬರೆಯುವುದು. ಫ್ಯಾಮಿಲಿಸರ್ಚ್ ಬಳಿ ದಾಖಲೆಗಳ ದೊಡ್ಡ ಸಂಗ್ರಹವಿದೆ. ಹರಿದ್ವಾರದ ಪಂಡಾಗಳ ವಂಶಾವಳಿ ಪುಸ್ತಕಗಳನ್ನು ಸಹ ಅದು ಛಾಯಾಚಿತ್ರವಾಗಿಸಿದೆ. ಆದರೆ ಅದನ್ನು ನಡೆಸುವುದು ಅಮೆರಿಕದ ಯೂಟಾ ಸಂಸ್ಥಾನದ ಕ್ರೈಸ್ತ ಪಂಥವೊಂದು, ಮೃತರಾದ ಪೂರ್ವಜರ ಪರವಾಗಿ ತಮ್ಮ ವಿಧಿಗಳನ್ನು ನಡೆಸುವ ನಂಬಿಕೆ ಅವರದು. ಸದಸ್ಯರು ತಮ್ಮ ಸ್ವಂತ ಪೂರ್ವಜರಿಗೆ ಮಾತ್ರ ಹಾಗೆ ಮಾಡಬೇಕೆಂಬ ನಿಯಮ ಅವರಲ್ಲಿದೆಯಾದರೂ, ಮನೆಯ ಹಿರಿಯರಿಗೆ ಈ ಸಂಗತಿಯನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ಧರ್ಮ. ಪ್ರತಿ ಮಾತಿಗೂ ಆಧಾರ ಕೇಳುವ ವಿಕಿಟ್ರೀ ನಮಗೆ ಹೆಚ್ಚು ಹಿಡಿಸಿದೆ. ಅದರ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿರುವುದು ನಮ್ಮ ಹಿರಿಯರಿಗೆ ಅಡ್ಡಿ. ಆ ಭಾಗವನ್ನು ಮನೆಯ ಮಕ್ಕಳಿಗೆ ವಹಿಸಬಹುದು. ಎಲ್ಲಿ ಬರೆದರೂ ಹೆಸರನ್ನು ಕನ್ನಡ ಲಿಪಿಯಲ್ಲಿಯೂ ಬರೆಯಬೇಕು, ಇಲ್ಲವಾದರೆ ಬಸಪ್ಪನೂ ಬಸವಪ್ಪನೂ ಇಂಗ್ಲಿಷಿನ ಹತ್ತು ಬಗೆಯ ಕಾಗುಣಿತದಲ್ಲಿ ಕಳೆದುಹೋಗುತ್ತಾರೆ. ಜಾಲತಾಣಗಳು ಶಾಶ್ವತವಲ್ಲ. ವಂಶಾವಳಿಯ ತಂತ್ರಾಂಶಗಳೆಲ್ಲ ಓದಬಲ್ಲ ಗೆಡ್‌ಕಾಮ್ ಎಂಬ ಕಡತರೂಪದಲ್ಲಿ ಒಂದು ಪ್ರತಿಯನ್ನು ಮನೆಯ ಗಣಕಯಂತ್ರದಲ್ಲಿ ಇಟ್ಟುಕೊಂಡಿರಬೇಕು. ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶ ಅದಕ್ಕೆ ಸಾಕು.

ಬರೆಯುವಾಗ ತಪ್ಪದೆ ನೆನಪಿಡಬೇಕಾದುದು ಹೆಣ್ಣುಮಕ್ಕಳನ್ನು. ಹಳೆಯ ವಂಶಾವಳಿಗಳಲ್ಲಿಯೂ ಪೌತಿ ಖಾತೆಗಳಲ್ಲಿಯೂ ಗಂಡುಮಕ್ಕಳ ಹೆಸರಷ್ಟೇ ಇರುವುದು ಹೆಚ್ಚು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ನೀಡಿದ 1994ರ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿಗಳ ನಂತರವೇ ಅವರ ಹೆಸರು ಕಾಗದದಲ್ಲಿ ಕ್ರಮವಾಗಿ ಕಾಣತೊಡಗಿದ್ದು. ಅನುಭವಮಂಟಪದಲ್ಲಿ ಶರಣೆಯರಿಗೆ ಸಮನಾದ ಆಸನವಿತ್ತೆಂದು ಹೆಮ್ಮೆಪಡುವ ನಾವು ಅಜ್ಜಿಯ ತವರಿನ ಹೆಸರನ್ನೇ ಮರೆತಿದ್ದರೆ ಏನೆನ್ನೋಣ! ಮದುವೆಯಾದ ಮೇಲೆ ಹೆಸರು ಬದಲಿಸುವ ರೂಢಿಯೂ ಕೆಲವೆಡೆ ಇದ್ದುದರಿಂದ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಕೇಳಿ ಬರೆಯಬೇಕು.

ದತ್ತು ಹೋದವರನ್ನು ಹೆತ್ತವರಿಗೂ ಪಡೆದವರಿಗೂ ಜೋಡಿಸಲು ಈ ಜಾಲತಾಣಗಳಲ್ಲಿ ಅವಕಾಶವಿದೆ. ದತ್ತನ್ನು ಮರೆಮಾಚುವ ಕಾರಣವೇನೂ ಇಲ್ಲ: ಕೆಳದಿಯ ರಾಣಿ ಚೆನ್ನಮ್ಮಾಜಿಯ ನಂತರ ಪಟ್ಟಕ್ಕೆ ಬಂದು ಶಿವತತ್ತ್ವರತ್ನಾಕರವನ್ನು ರಚಿಸಿದ ಬಸವಪ್ಪನಾಯಕನು ಆಕೆಯ ದತ್ತುಪುತ್ರನೇ. ಆದರೆ ಮಠಕ್ಕೆ ಮರಿಯಾಗಿ ಹೋಗಿ ಪಟ್ಟಾಧಿಕಾರ ಪಡೆದವರ ವಿಷಯ ಬೇರೆ. ಅವರು ಸೇರುವುದು ಗುರುಪರಂಪರೆಗೆ. ಪೂರ್ವಾಶ್ರಮದ ಸಂಬಂಧವನ್ನು ಎಲ್ಲರಿಗೂ ಕಾಣುವಂತೆ ಬರೆಯುವ ಮೊದಲು ಆಯಾ ಮಠದ ಅಪ್ಪಣೆ ಪಡೆಯುವುದು ಸರಿ.

ಬದುಕಿರುವವರ ವಿವರವನ್ನು ಬಹಿರಂಗವಾಗಿ ಬರೆಯಲೇಬಾರದು. ಫ್ಯಾಮಿಲಿಸರ್ಚ್, ವಿಕಿಟ್ರೀ ಎರಡೂ ಜೀವಂತ ವ್ಯಕ್ತಿಗಳ ಪುಟವನ್ನು ಮರೆಯಲ್ಲಿಡುತ್ತವೆ, ಆದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದು ಎಲ್ಲಿಗೆ ಹೋಗುವುದೋ ಹೇಳಲಾಗದು. ತಾಯಿಯ ತವರಿನ ಹೆಸರು, ಹುಟ್ಟಿದ ದಿನಾಂಕ ಇವುಗಳಿಂದಲೇ ಬ್ಯಾಂಕಿನ ವಂಚನೆಗಳು ನಡೆಯುತ್ತವೆ. ಆಧಾರ್ ಚೀಟಿಯ ಚಿತ್ರವನ್ನು ಯಾವ ಕಾರಣಕ್ಕೂ ಸೇರಿಸಬೇಡಿ.

ಹಿರಿಯರ ಮೌನಕ್ಕೆ ಇನ್ನೊಂದು ಕಾರಣವಿರುತ್ತದೆ, ಅದನ್ನು ಗೌರವಿಸಬೇಕು. ವಂಶವೃಕ್ಷವೆಂದೊಡನೆ ಅವರಿಗೆ ನೆನಪಾಗುವುದು ನಾಡಕಚೇರಿ, ಪಾಲು, ವ್ಯಾಜ್ಯ. ಕಂದಾಯ ಇಲಾಖೆಯ ವಂಶವೃಕ್ಷ ದೃಢೀಕರಣವೇ ಬೇರೆ, ನಾವು ಬರೆಯುವುದೇ ಬೇರೆ. ಇದು ಹಕ್ಕಿನ ಪತ್ರವಲ್ಲ, ಇದನ್ನು ಹಿಡಿದು ಯಾರೂ ಪಾಲು ಕೇಳಲಾಗದು ಎಂದು ಮೊದಲ ದಿನವೇ ಬಿಡಿಸಿ ಹೇಳಬೇಕು. ಮನೆಯಲ್ಲಿ ವ್ಯಾಜ್ಯ ನಡೆಯುತ್ತಿದ್ದರೆ ಅದು ಮುಗಿಯುವ ತನಕ ಕಾಯಿರಿ, ಹಿರಿಯರ ಧ್ವನಿಯನ್ನು ಮಾತ್ರ ಮುದ್ರಿಸಿಟ್ಟುಕೊಳ್ಳಿ. ಹೇಳಬಾರದ ಕಥೆಯನ್ನು ಹೇಳಿಸಲು ಹೋಗಬೇಡಿ.

ಕ್ರೋಧಿ ಸಂವತ್ಸರದ ಆ ಲಗ್ನದ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಮದುಮಗಳಾಗಿದ್ದವರು ಸೋದರತ್ತೆಯವರ ಅಜ್ಜಿ. ಬಾಲ್ಯದಲ್ಲಿ ಅತ್ತೆಯವರು ಅಜ್ಜಿಯ ತವರಿಗೆ ಎತ್ತಿನ ಗಾಡಿಯಲ್ಲಿ ಹೋಗಿದ್ದರು. ಆ ಊರು ಮುಳುಗಿದ ಮೇಲೆ ತವರಿನವರು ಎಲ್ಲಿಗೆ ಹೋದರೆಂಬುದು ಯಾರಿಗೂ ತಿಳಿದಿರಲಿಲ್ಲ. ವೃಕ್ಷದಲ್ಲಿ ಅಜ್ಜಿಯ ಪುಟವಿತ್ತು, ಗಂಡನ ಮನೆಯಲ್ಲಿಟ್ಟ ಹೆಸರಿತ್ತು, ತಂದೆತಾಯಿಗಳ ಜಾಗ ಖಾಲಿಯಿತ್ತು. ಅತ್ತೆಯವರು ನೆನಪು ಮಾಡಿಕೊಂಡು ಅಜ್ಜಿಯ ತವರಿನ ಹೆಸರನ್ನು ಹೇಳಿದ ಮೇಲೆ ಅದನ್ನೂ, ಮುಳುಗಿದ ಊರಿನ ಹೆಸರನ್ನೂ ಪುಟಕ್ಕೆ ಸೇರಿಸಲಾಯಿತು. ಕೆಲವು ತಿಂಗಳ ನಂತರ ಶಿವಮೊಗ್ಗದ ಬಳಿಯ ಮನೆಯೊಂದರಿಂದ ಸಂದೇಶ ಬಂತು. ಅವರ ಮುತ್ತಜ್ಜನಿಗೆ ಒಬ್ಬ ತಂಗಿಯಿದ್ದರು. ತೀರ್ಥಹಳ್ಳಿಯ ಕಡೆಗೆ ಕೊಟ್ಟಿತ್ತೆಂಬುದನ್ನು ಬಿಟ್ಟರೆ ಅವರಲ್ಲಿದ್ದುದು ಆ ಹೆಸರೊಂದೇ. ಊರು ಹೊಂದಿತು, ತಂದೆಯ ಹೆಸರನ್ನು ಅತ್ತೆಯವರೂ ಅದನ್ನೇ ಹೇಳಿದರು, ಅಣ್ಣಂದಿರ ಹೆಸರುಗಳೂ ಹೊಂದಿದವು. ಮೊಮ್ಮಗಳು ಮೊಬೈಲಿನಲ್ಲಿ ಎರಡೂ ಕೊಂಬೆಗಳು ಕೂಡಿದ ಪುಟವನ್ನು ತೋರಿಸಿದಾಗ ಅತ್ತೆಯವರು ಬಹಳ ಹೊತ್ತು ಅದನ್ನು ನೋಡಿ, ಆ ಕಡೆಯವರಿಗೆ ಅಲ್ಲಿ ತೋಟ ಮಾಡಲು ನೀರಿದೆಯೇ ಎಂದು ಕೇಳಿದರು.